ಕಥೆ ಕಳಿಸಿದರೆ ಉತ್ತರವೇ ಇಲ್ಲ, ಬಂದರೆ ‘ಸ್ವೀಕೃತವಾಗಿಲ್ಲ’. ಎಂತ ಮಾಡುವುದು?

ಕಟಪಾಡಿಯ ಓದುಗಿ ಕೇಳಿದ್ದು:
ಉಡುಪಿ ಕಡೆಯವಳು. ಸಣ್ಣಕಥೆಗಳ ಒಂದು ಸಂಕಲನ ತಯಾರುಂಟು. ಬಿಡಿ ಕಥೆಗಳನ್ನು ಪತ್ರಿಕೆಗಳಿಗೆ, ಹಸ್ತಪ್ರತಿಯನ್ನು ಪ್ರಕಾಶಕರಿಗೆ ಕಳಿಸುತ್ತಿದ್ದೇನೆ. ಹೆಚ್ಚಿನವರದು ಮೌನ, ಕೆಲವರದು ಒಂದು ಸಾಲಿನ ಉತ್ತರ. ಪ್ರತಿ ಸಲವೂ ಮನಸ್ಸು ಕುಸಿಯುತ್ತದೆ, ಇಡೀ ಕಥೆ ತಿದ್ದಲಿಕ್ಕೆ ಕೂರುತ್ತೇನೆ. ಹಾಗೆ ತಿದ್ದುವುದು ಸರಿಯಾ? ಬರಹಗಾರರ ಪರವಾಗಿ ಪ್ರಕಾಶಕರ ಹತ್ತಿರ ಮಾತಾಡುವ ಏಜೆಂಟರು ಕನ್ನಡಕ್ಕೆ ಇದ್ದಾರಾ? ಹಣ ಕೊಟ್ಟರೆ ಪುಸ್ತಕ ಮಾಡಿಕೊಡುತ್ತೇವೆ ಎನ್ನುವವರಿಗೆ ಹೂಂ ಅನ್ನಬಹುದಾ?

ಬಿಜೈ ಬರಹ:
ಎಲ್ಲ ‘ಇಲ್ಲ’ಗಳೂ ಒಂದೇ ಅಲ್ಲ ಮಾರಾಯ್ರೆ. ವಾರಕ್ಕೊಂದು ಕಥೆ ಹಾಕುವ ಪುರವಣಿಯಲ್ಲಿ ವರ್ಷಕ್ಕೆ ಇರುವುದೇ 52 ಕಥೆಗಳ ಜಾಗ. ಅಲ್ಲಿಂದ ಬರುವ ಮೌನಕ್ಕೆ ಅರ್ಥ ಹಚ್ಚಲಿಕ್ಕೆ ಹೋಗಬೇಡಿ, ಕಥೆಯನ್ನು ಯಾರೂ ಓದದೆಯೂ ಇರಬಹುದು. ‘ಪ್ರಕಟಣೆಗೆ ಸ್ವೀಕೃತವಾಗಿಲ್ಲ’ ಎಂಬುದು ಎಲ್ಲರಿಗೂ ಹೋಗುವ ಸಿದ್ಧ ಸಾಲು, ಅದರಲ್ಲಿ ವಿಮರ್ಶೆ ಇಲ್ಲ. ‘ಕೊನೆ ಅವಸರದ್ದಾಯಿತು, ಬೇರೆ ಕಥೆ ಇದ್ದರೆ ಕಳಿಸಿ’ ಎಂದು ಸಂಪಾದಕರು ಎರಡು ಸಾಲು ಬರೆದರೆ ಅದಕ್ಕೆ ಬೆಲೆ ಉಂಟು. ತಿಂಗಳೊಳಗೆ ಅವರಿಗೆ ಬೇರೆ ಕಥೆ ಹೋಗಬೇಕು. ಅವರಾಗಿ ಕೇಳದಿದ್ದರೆ ಅದೇ ಕಥೆಯನ್ನು ತಿದ್ದಿ ಪುನಃ ಕಳಿಸಬೇಡಿ.

ಮೌನಕ್ಕೆ ತೀರಾ ಸಾದಾ ಕಾರಣವೊಂದು ಫಾಂಟ್. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಇಡೀ ಕಥೆ ಒಮ್ಮೆ ಓದಿ. ಅರ್ಕಾವೊತ್ತು, ಒತ್ತಕ್ಷರ ಎಡವುವುದು ಪರಿವರ್ತನೆಯಲ್ಲೇ: ‘ಸೂರ್ಯ’, ‘ವರ್ಷ’ದಂಥ ಪದಗಳನ್ನು ಹುಡುಕಿ ನೋಡಿ. ವರ್ಡ್ ಕಡತದ ಜೊತೆ ಪಿಡಿಎಫ್ ಕೂಡ ಇರಲಿ. ಕಡತಕ್ಕೆ ‘ಕಥೆ ಫೈನಲ್ 2’ ಅಂತ ಹೆಸರಿಡಬೇಡಿ, ಕಥೆಯ ಹೆಸರು ಮತ್ತು ನಿಮ್ಮ ಹೆಸರು ಹಾಕಿ. ಮೊದಲ ಪುಟದಲ್ಲಿ ವಿಳಾಸ, ಫೋನ್, ಪದಸಂಖ್ಯೆ, ‘ಸ್ವಂತ ರಚನೆ, ಬೇರೆಲ್ಲೂ ಪ್ರಕಟವಾಗಿಲ್ಲ’ ಎಂಬ ಸಾಲು. ಫೇಸ್‌ಬುಕ್ಕಿನಲ್ಲಿ ಹಾಕಿದ ಕಥೆಯನ್ನು ಹಲವು ಪತ್ರಿಕೆಗಳು ಪ್ರಕಟಿತ ಎಂದೇ ಲೆಕ್ಕ ಹಿಡಿಯುತ್ತವೆ, ನೆನಪಿರಲಿ.

ಉದ್ದವೂ ಮುಖ್ಯ. ಕಳಿಸುವ ಪತ್ರಿಕೆಯ ಇತ್ತೀಚಿನ ನಾಲ್ಕು ಸಂಚಿಕೆ ತೆಗೆದು ಕಥೆಗಳ ಪದ ಎಣಿಸಿ. ಅಲ್ಲಿ 1,800ರ ಸುತ್ತ ಇದ್ದು ನಿಮ್ಮದು 4,000 ಇದ್ದರೆ, ಕಥೆ ಎಷ್ಟು ಚಂದ ಇದ್ದರೂ ಅಲ್ಲಿ ಹಿಡಿಯುವುದಿಲ್ಲ. ಮಾಸಪತ್ರಿಕೆಗೋ ವಿಶೇಷಾಂಕಕ್ಕೋ ಕಳಿಸಿ. ದೀಪಾವಳಿ ಸಂಚಿಕೆಗೆ ಹಬ್ಬ ಹತ್ತಿರ ಬಂದಾಗ ಕಳಿಸಿದರೆ ಕೆಲಸವಿಲ್ಲ, ಮೂರ್ನಾಲ್ಕು ತಿಂಗಳು ಮೊದಲೇ ತಲುಪಬೇಕು.

ಕರಡು ತಿದ್ದುವವರು:
ಅಕ್ಕ, ಬೇಡವೆಂದು ಉತ್ತರ ಬಂದ ದಿನ ಕಡತ ತೆರೆಯಲೇಬೇಡಿ. ನೊಂದ ಮನಸ್ಸಿನಲ್ಲಿ ತಿದ್ದುವಾಗ ಮೊದಲು ಕತ್ತರಿ ಬೀಳುವುದು ಕಥೆಯ ಜೀವಂತ ಸಾಲುಗಳಿಗೇ, ಯಾಕೆಂದರೆ ವಿಚಿತ್ರವಾಗಿ ಕಾಣುವುದು ಅವೇ.

ಒಂದು ನೋಟ್‌ಬುಕ್ಕಿನಲ್ಲಿ ಕಥೆ, ಎಲ್ಲಿಗೆ, ಯಾವ ದಿನ, ಉತ್ತರ ಅಂತ ಬರೆಯುತ್ತಾ ಹೋಗಿ. ಅದರ ಪಕ್ಕದಲ್ಲಿ ‘ಮುಂದೆ ಎಲ್ಲಿಗೆ’ ಎಂಬ ಅಂಕಣವೂ ಇರಲಿ, ಅದನ್ನು ಕಥೆ ಕಳಿಸುವ ದಿನವೇ ತುಂಬಿ. ಆಗ ‘ಇಲ್ಲ’ ಬಂದಾಗ ಹೊಸದಾಗಿ ನಿರ್ಧಾರ ಮಾಡಲಿಕ್ಕಿಲ್ಲ, ವಾರದೊಳಗೆ ಮುಂದಿನ ಜಾಗಕ್ಕೆ ಕಳಿಸಿದರೆ ಆಯಿತು. ಈ ಅಂಕಣದಷ್ಟು ಧೈರ್ಯ ಯಾವ ಸಮಾಧಾನದ ಮಾತೂ ಕೊಡುವುದಿಲ್ಲ ಎಂದೇ ನನ್ನ ನಂಬಿಕೆ. ಒಂದು ಕಥೆ ಹೊರಗಿರುವಾಗ ಇನ್ನೊಂದು ಬರೆಯುತ್ತಾ ಇರಿ.

ತಿದ್ದುವುದು ಯಾವಾಗ? ಬೇರೆ ಬೇರೆ ಮೂವರು ಒಂದೇ ಜಾಗಕ್ಕೆ ಬೆರಳಿಟ್ಟಾಗ. ಓದಲಿಕ್ಕೆ ಕೊಡುವಾಗ ‘ಹೇಗುಂಟು?’ ಎಂದು ಕೇಳಿದರೆ ‘ಚಂದ ಉಂಟು’ ಅನ್ನುತ್ತಾರೆ, ಅದರಿಂದ ಉಪಯೋಗವಿಲ್ಲ. ‘ಓದು ಎಲ್ಲಿ ನಿಂತಿತು, ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಹಾಕಿ’ ಎನ್ನಿ. ಹೆಚ್ಚಾಗಿ ಆ ಗೆರೆ ಬೀಳುವುದು ಮೊದಲ ಎರಡು ಪುಟಗಳಲ್ಲಿ, ಊರಿನ ವರ್ಣನೆ ಮುಗಿಯದೆ ಪಾತ್ರ ಬಾಯಿ ಬಿಡದಿರುವ ಕಡೆ.

ಕುಂದಾಪ್ರ ಕನ್ನಡದ ಅಥವಾ ತುಳು ಬೆರೆತ ಸಂಭಾಷಣೆ ಇದ್ದರೆ ಹೆದರಿ ಶಿಷ್ಟಕ್ಕೆ ತಿರುಗಿಸಬೇಡಿ. ಸಂದರ್ಭದಿಂದಲೇ ಅರ್ಥ ಹೊಳೆಯುವ ಹಾಗೆ ಪಕ್ಕದ ಸಾಲು ಬರೆದರೆ ಬೆಂಗಳೂರಿನ ಸಂಪಾದಕರೂ ಓದುತ್ತಾರೆ.

ಹಂಪನಕಟ್ಟೆ:
ಕನ್ನಡದಲ್ಲಿ ಏಜೆಂಟರ ಪದ್ಧತಿ ಬೇರು ಬಿಟ್ಟಿಲ್ಲ, ನೇರ ಪ್ರಕಾಶಕರಿಗೇ ಬರೆಯುವುದು. ಇಂಗ್ಲಿಷ್ ಅನುವಾದಕ್ಕೆ ಹೊರಟರೆ ಮಾತ್ರ ಏಜೆಂಟರ ಮಾತು. ಪ್ರಕಾಶಕರು ಕೇಳದೆ ಇಡೀ ಹಸ್ತಪ್ರತಿ ಕಳಿಸಬೇಡಿ: ಒಂದು ಪುಟದ ಪತ್ರ, ಪರಿವಿಡಿ, ಅತ್ಯುತ್ತಮ ಮೂರು ಕಥೆ ಸಾಕು. ಪ್ರಕಾಶಕರಿಗಾದರೆ ಒಟ್ಟಿಗೆ ಮೂರ್ನಾಲ್ಕು ಕಡೆ ಕಳಿಸಬಹುದು, ಆದರೆ ಅದನ್ನು ಪತ್ರದಲ್ಲಿ ಹೇಳಿ. ಪತ್ರಿಕೆಗೆ ಹಾಗಲ್ಲ, ಒಂದು ಕಥೆ ಒಂದು ಸಲಕ್ಕೆ ಒಂದೇ ಕಡೆ. ಛಂದ ಪುಸ್ತಕ ಪ್ರಕಾಶನದವರು ಮೊದಲ ಕಥಾಸಂಕಲನಕ್ಕೆ ಹಸ್ತಪ್ರತಿ ಸ್ಪರ್ಧೆ ನಡೆಸುತ್ತಾ ಬಂದಿದ್ದಾರೆ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ಉಂಟು. ಅರ್ಜಿ ಕರೆದಾಗ ವಯಸ್ಸಿನ ಷರತ್ತು ಓದಿಕೊಳ್ಳಿ.

ಹಣ ಕೇಳುವವರ ವಿಷಯ. ಸಾಲು ಸಾಲು ‘ಇಲ್ಲ’ ಕೇಳಿ ದಣಿದವರೇ ಅಲ್ಲಿ ಸಹಿ ಹಾಕುವುದು, ದಯವಿಟ್ಟು ಆ ವಾರ ಯಾವ ಕಾಗದಕ್ಕೂ ಸಹಿ ಬೇಡ. ಲೆಕ್ಕ ನೋಡಿ: 150 ರೂಪಾಯಿಯ ಪುಸ್ತಕ, ಶೇ. 10 ಗೌರವಧನ, 500 ಪ್ರತಿ ಪೂರ್ತಿ ಮಾರಾಟವಾದರೂ ನಿಮಗೆ ಬರುವುದು 7,500. ಅವರು ಕೇಳುವ ಮೊತ್ತವನ್ನು ಇದರ ಪಕ್ಕ ಇಟ್ಟು ನೋಡಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಪ್ರತ್ಯೇಕ ಶುಲ್ಕ ಕೇಳಿದರೆ ಪ್ರಶ್ನಿಸಿ, ಭಾರತದಲ್ಲಿ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ‘ಸಂಪೂರ್ಣ ಹಕ್ಕು’ ಎಂಬ ಮಾತಿದ್ದರೆ ಅವಧಿ, ಭಾಷೆ, ಅನುವಾದ, ಆಡಿಯೊ ಬಿಡಿಸಿ ಬರೆಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಹಕ್ಕು ವರ್ಗಾವಣೆಯಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಅರ್ಥ.

ಕಟಪಾಡಿಯ ಓದುಗಿ:
ತುಂಬ ಉಪಕಾರವಾಯ್ತು. ನನ್ನ ಕಡತಗಳೆಲ್ಲ ನುಡಿಯಲ್ಲೇ ಇವೆ! ಒಂದು ಸಂಶಯ: ಉತ್ತರವಿಲ್ಲದ ಕಥೆಯನ್ನು ಬೇರೆಡೆ ಕಳಿಸಲಿಕ್ಕೆ ಎಷ್ಟು ದಿನ ಕಾಯಬೇಕು?

ಬಿಜೈ ಬರಹ:
ಪತ್ರಿಕೆ ಅವಧಿ ಹೇಳಿದ್ದರೆ ಅಷ್ಟು, ಇಲ್ಲದಿದ್ದರೆ ಮೂರು ತಿಂಗಳು. ಆಮೇಲೆ ಒಂದು ಮೇಲ್: ಕಥೆಯ ಹೆಸರು, ಕಳಿಸಿದ ದಿನಾಂಕ, ‘15 ದಿನದೊಳಗೆ ತಿಳಿಸದಿದ್ದರೆ ಕಥೆ ಹಿಂಪಡೆದಿದ್ದೇನೆ ಎಂದು ಭಾವಿಸಬೇಕು’ ಅಂತ. ಫೋನ್ ಮಾಡಬೇಡಿ. 16ನೇ ದಿನ ಬೇರೆ ಕಡೆ ಕಳಿಸಿ, ಕಳಿಸಿದ ಆ ಇಮೇಲ್ ಮಾತ್ರ ಅಳಿಸಬೇಡಿ. ಎರಡು ಕಡೆಯೂ ಅಚ್ಚಾಗಿ ಜಗಳ ಬಂದರೆ ಬೇಕಾಗುವುದು ಅದೇ.