ಸಹಾಯ ಬೇಕು: ಗಾಲ್ಫ್‌ನಲ್ಲಿ 4 ಅಡಿ ಪಟ್ ಇಳಿಜಾರಿನ ಕಡೆಗೇ ತಪ್ಪುತ್ತಿದೆ

ಗೊತ್ತಿರೋರು ದಯವಿಟ್ಟು ಇದನ್ನ ಸ್ವಲ್ಪ ಬಿಡಿಸಿ ಹೇಳಿ. ಬಲಗೈ ಆಟ. ಸಮತಟ್ಟಾದ ಕಡೆ 4 ಅಡಿ ಪಟ್ (ಚೆಂಡನ್ನ ನೆಲದ ಮೇಲೇ ಉರುಳಿಸಿ ಕುಳಿಗೆ ಹಾಕೋ ಹೊಡೆತ) ಚೆನ್ನಾಗೇ ಬೀಳುತ್ತೆ. ಎಡದಿಂದ ಬಲಕ್ಕೆ ಇಳಿಜಾರಿದ್ದರೆ ಮಾತ್ರ ಹತ್ತರಲ್ಲಿ ಆರು ಸಲ ಚೆಂಡು ಕುಳಿಯ ಬಲ ಅಂಚನ್ನ ಸವರಿಕೊಂಡು ಹೋಗುತ್ತೆ.

ಚೆಂಡಿನಿಂದ 30 ಸೆಂ.ಮೀ. ಮುಂದೆ, 50 ಮಿ.ಮೀ. ಅಂತರದಲ್ಲಿ ಎರಡು ಟೀ (ಚೆಂಡು ಇಡೋ ಸಣ್ಣ ಗೂಟ) ನೆಟ್ಟು, ಚೆಂಡು ನಡುವೆ ಹೋಗೋ ಹಾಗೆ ಗೇಟ್ ಮಾಡಿ ನೋಡಿದ್ದೀನಿ. ಚೆಂಡಿನ ಅಗಲವೇ ಸುಮಾರು 43 ಮಿ.ಮೀ., ಆಚೀಚೆ ಉಳಿಯೋದು ಮೂರೂವರೆ ಮಿ.ಮೀ. ಅಷ್ಟೆ. ಇದನ್ನ ದಾಟಿದ ಚೆಂಡಿಗೆ ದಿಕ್ಕಿನ ತಪ್ಪು ಒಂದು ಡಿಗ್ರಿಯೂ ಇರಲ್ಲ, 108 ಮಿ.ಮೀ. ಕುಳಿಗೆ ಅದು ದೊಡ್ಡದಲ್ಲ. ಇಳಿಜಾರಲ್ಲೂ ಕುಳಿಯ ಎಡ ಅಂಚಿನ ಕಡೆ ಗೇಟ್ ಇಟ್ಟರೆ ಚೆಂಡು ಒಳಗೆ ಬೀಳುತ್ತೆ. ಟೀ ಕಿತ್ತ ಕೂಡಲೇ ಮತ್ತೆ ಬಲಕ್ಕೆ!

ವೇಗ ಕಮ್ಮಿ ಅನ್ನೋ ಹಾಗೂ ಇಲ್ಲ, ತಪ್ಪಿದ ಚೆಂಡು ಕುಳಿ ದಾಟಿ 30-40 ಸೆಂ.ಮೀ. ಹೋಗಿ ನಿಲ್ಲುತ್ತೆ. ಪಟರ್ (ಪಟ್ ಹೊಡೆಯೋ ಕೋಲು) ಮೇಲೆ ಎಡಗೈ ಕೆಳಗೆ ಹಿಡಿದೂ ನೋಡಾಯ್ತು, ತಲೆ ಎತ್ತದೆ ಚೆಂಡು ಬಿದ್ದ ಸದ್ದಿಗೆ ಕಾಯೋದೂ ಆಯ್ತು. ವ್ಯತ್ಯಾಸ ಇಲ್ಲ.

ಗೊಂದಲ ಇಷ್ಟೇ. ಗೇಟ್ ಇದ್ದಾಗ ಅದೇ ಗುರಿಯನ್ನೂ ತೋರಿಸಿಬಿಡುತ್ತೆ. ಹಾಗಾದ್ರೆ ಗೇಟ್ ಇಲ್ಲದಾಗ ನಿಲ್ಲುವಾಗಲೇ ಪಟರ್ ಮುಖ ಬಲಕ್ಕೆ ತಿರುಗಿರುತ್ತಾ, ಇಲ್ಲಾ ಹೊಡೆಯೋ ಕ್ಷಣದಲ್ಲಿ ಬಲಕ್ಕೆ ತೆರೆದುಕೊಳ್ಳುತ್ತಾ? ಇವೆರಡನ್ನ ಒಬ್ಬರೇ, ಯಾವ ಯಂತ್ರವೂ ಇಲ್ಲದೆ ಬೇರೆ ಮಾಡಿ ಪರೀಕ್ಷಿಸೋದು ಹೇಗೆ?