ಅಪ್‌ಡೇಟ್: ಅಪ್ಪಯ್ಯನಿಗೆ ಬಂದ ಬ್ಯಾಂಕ್ ಇಮೇಲ್ ನಕಲಿಯೇ

‘ಇಂದು ರಾತ್ರಿಯೊಳಗೆ ಕೆವೈಸಿ ತುಂಬದಿದ್ದರೆ ಖಾತೆ ಸ್ಥಗಿತ’ ಎಂದು ಶಿರಸಿಯಲ್ಲಿರುವ ಅಪ್ಪಯ್ಯನಿಗೆ ಬಂದ ಇಮೇಲ್ ನಿಜವೇ ಎಂದು ಕಳೆದ ವಾರ ಕೇಳಿದ್ದೆ. ನಕಲಿ.

ನೀವು ಹೇಳಿದಂತೆ ಇಮೇಲ್‌ನಲ್ಲಿದ್ದ ಲಿಂಕಿನ ಡೊಮೇನ್ ಹೆಸರನ್ನು (ಜಾಲತಾಣದ ವಿಳಾಸ) ಬಲದಿಂದ ಎಡಕ್ಕೆ ಓದಿದೆ. ಬ್ಯಾಂಕಿನ ಹೆಸರು ಆರಂಭದಲ್ಲಷ್ಟೇ ಇತ್ತು. ಕೊನೆಯಲ್ಲಿ ರಿಸರ್ವ್ ಬ್ಯಾಂಕ್ ಸೂಚಿಸಿರುವ ‘.ಬ್ಯಾಂಕ್.ಇನ್’ ಇರಲಿಲ್ಲ, ಗುರುತಿಲ್ಲದ ಯಾವುದೋ ಹೆಸರಿತ್ತು. ಲಿಂಕ್ ಒತ್ತಿದಾಗ ತೆರೆದ ಪುಟದ ವಿಳಾಸದ ಪಕ್ಕ ಬೀಗದ ಚಿಹ್ನೆ ಮಾತ್ರ ಇತ್ತು. ಅದನ್ನು ನಂಬಿಯೇ ಅಪ್ಪಯ್ಯ ಪಾಸ್‌ವರ್ಡ್ ಕೊಟ್ಟಿದ್ದರು. ಸಂಪರ್ಕವನ್ನು ನಡುವೆ ಯಾರೂ ಓದಲಾರರು ಎಂದಷ್ಟೇ ಆ ಬೀಗದ ಅರ್ಥ. ಆಚೆ ಕುಳಿತವನು ಕಳ್ಳನೋ ಅಲ್ಲವೋ ಅದು ಹೇಳುವುದಿಲ್ಲ. ಇದು ತಿಳಿದಾಗ ನನಗೆ ನಿಜಕ್ಕೂ ಭಯವಾಯಿತು.

ಪುಟ ಒಟಿಪಿ ಕೇಳಿದಾಗ ಅವರ ಕೈ ತಡೆಯಿತಂತೆ. ಅಡಿಕೆ ಮಾರಿದ ಹಣ ಉಳಿಯಿತು. ಅಂದೇ ಪಾಸ್‌ವರ್ಡ್ ಬದಲಿಸಿ, ಶಾಖೆಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು. ಉತ್ತರಿಸಿದ ಎಲ್ಲರಿಗೂ ಅಪ್ಪಯ್ಯ ನಮಸ್ಕಾರ ತಿಳಿಸಿದ್ದಾರೆ.