ಲಾ ಕಾಲೇಜಲ್ಲಿ ನವೆಂಬರ್ 9 ಮತ್ತು 26ಕ್ಕೆ ಕಾರ್ಯಕ್ರಮ ಇದೆ, ಊರಿನವರಿಗೆ ಉಪಯೋಗ ಆಗೋ ಹಾಗೆ ಏನಿಡೋದು?

ಎಲ್‌ಎಲ್‌ಬಿ ವಿದ್ಯಾರ್ಥಿನಿ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಎಲ್‌ಎಲ್‌ಬಿ ಕೊನೇ ವರ್ಷದಲ್ಲಿದೀನಿ, ಈ ಸಲ ಕಾಲೇಜಿನ ಲೀಗಲ್ ಏಡ್ ಕ್ಲಿನಿಕ್ ಜವಾಬ್ದಾರಿ ನಮ್ಮ ಕ್ಲಾಸ್‌ಗೆ ಬಂದಿದೆ. ನವೆಂಬರ್ 9 ಕಾನೂನು ಸೇವಾ ದಿನ, 26 ಸಂವಿಧಾನ ದಿನ, ಎರಡಕ್ಕೂ ಕಾರ್ಯಕ್ರಮ ಮಾಡೋಕೆ ಒಪ್ಪಿಗೆ ಸಿಕ್ಕಿದೆ. ಆದ್ರೆ ಪ್ರತಿ ವರ್ಷ ನಡೆಯೋದು ಒಂದೇ, ದೀಪ ಬೆಳಗಿಸಿ, ಇಂಗ್ಲಿಷಲ್ಲಿ ಒಂದೂವರೆ ಗಂಟೆ ಭಾಷಣ ಕೇಳಿ, ಶಾಲು ಹಾಕಿ ಗ್ರೂಪ್ ಫೋಟೋ ತೆಗೆಸ್ಕೊಂಡ್ರೆ ಮುಗೀತು, ಕೂತಿರೋರು ನಾವೇ ವಿದ್ಯಾರ್ಥಿಗಳು, ಹೊರಗಿನವರು ಒಬ್ಬರೂ ಬರಲ್ಲ. ಕಾಲೇಜಿನಿಂದ ಎರಡು ಹೆಜ್ಜೆ ದೂರದಲ್ಲಿ ಸಂತೆ ನಡೆಯುತ್ತೆ, ಅಲ್ಲಿ ತರಕಾರಿ ಮಾರೋ ಅಮ್ಮಂದಿರಿಗೆ ನಮ್ಮ ಕಾಲೇಜಲ್ಲಿ ಉಚಿತವಾಗಿ ಕಾನೂನು ಸಲಹೆ ಸಿಗುತ್ತೆ ಅಂತಾನೇ ಗೊತ್ತಿಲ್ಲ. ಅವರು ಬರೋ ಹಾಗೆ ಮಾಡ್ಬೇಕು ಅಂತ ನನಗೆ ತುಂಬಾ ಆಸೆ ಇದೆ. ಯಾವ ವಿಷಯ ಇಡೋದು, ಯಾರನ್ನ ಕರೆಯೋದು, ಜನರನ್ನ ಹೇಗೆ ಕರ್ಕೊಂಡು ಬರೋದು? ಅನುಭವ ಇರೋರು ದಯವಿಟ್ಟು ಹೇಳಿ.

ವಕೀಲರು, ಧಾರವಾಡ ಕಡೆ

ತಂಗೀ, ಚಲೋ ಕೆಲಸ ಹಿಡ್ದೀರಿ. ಮೊದಲು 9ನೇ ತಾರೀಖಿನ ಮಾತು. ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆ 1987ರಾಗ ಪಾಸ್ ಆದ್ರೂ ಜಾರಿಗೆ ಬಂದಿದ್ದು 1995ರ ನವೆಂಬರ್ 9ಕ್ಕ, ಅದಕ್ಕ ಆ ದಿನ. ಆದ್ರ ಈ ಇತಿಹಾಸ ಎರಡು ನಿಮಿಷದಾಗ ಮುಗಿಸ್ರಿ, ಜನರಿಗೆ ಬೇಕಾಗಿದ್ದು 12ನೇ ಕಲಂ. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಜೈಲಿನಾಗ ಇದ್ದವರು, ಇವರಿಗೆಲ್ಲ ಆದಾಯ ಎಷ್ಟರ ಇರಲಿ ಸರ್ಕಾರದ ಖರ್ಚಿನಾಗ ವಕೀಲರು ಸಿಗ್ತಾರ. ಭಾಳ ಮಂದಿ ಬಿಪಿಎಲ್ ಕಾರ್ಡ್ ಇದ್ದವರಿಗೆ ಅಷ್ಟ ಅಂತ ತಿಳ್ಕೊಂಡಾರ, ಆ ತಪ್ಪು ತಿಳುವಳಿಕೆ ಒಂದು ಹೋದ್ರೂ ನಿಮ್ಮ ಕಾರ್ಯಕ್ರಮ ಗೆದ್ದಂಗ.

ವಿಷಯ ಯಾವುದು ಅಂತ ಕೇಳಿದ್ರ, ನಾ ಹೇಳೂದು ಹೆಣ್ಣುಮಕ್ಕಳ ಆಸ್ತಿ ಹಕ್ಕು, ಅದೊಂದನ್ನ ಇಡ್ರಿ, ನಾಲ್ಕು ವಿಷಯ ತುರುಕಬ್ಯಾಡ್ರಿ. ಪಿತ್ರಾರ್ಜಿತ ಆಸ್ತಿಯಾಗ ಮಗನಷ್ಟ ಮಗಳಿಗೂ ಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂದ ಮ್ಯಾಲೂ ಅಪ್ಪ ಆವತ್ತಿಗೆ ಬದುಕಿರಬೇಕೋ ಬ್ಯಾಡೋ ಅನ್ನೂ ಗೊಂದಲ ವರ್ಷಗಟ್ಟಲೆ ಇತ್ತು, 2020ರ ಆಗಸ್ಟ್‌ನಾಗ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಕೇಸಿನಾಗ ಮಗಳ ಹಕ್ಕು ಹುಟ್ಟಿನಿಂದನ ಬರತೈತಿ, ಅಪ್ಪ ಬದುಕಿರಬೇಕಂತಿಲ್ಲ ಅಂತ ಹೇಳಿ ಮುಗಿಸ್ತು. ನಮ್ಮ ಕರ್ನಾಟಕ 1994ರಾಗನ ತನ್ನ ಮಟ್ಟಿಗೆ ತಿದ್ದುಪಡಿ ತಂದಿತ್ತು (ಮದುವಿ ಆಗದ ಹೆಣ್ಣುಮಕ್ಕಳಿಗೆ ಅಷ್ಟ), ಅದನ್ನೂ ಹೇಳ್ರಿ, ಜನರಿಗೆ ಅಭಿಮಾನ ಬರತೈತಿ. ಇಷ್ಟಾದ್ರೂ ಹಳ್ಯಾಗ ಇವತ್ತಿಗೂ ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರ ತಂದು ಸಹಿ ಮಾಡು ಅಂತಾರ, ತವರಮನಿ ತಪ್ಪಬಾರದು ಅಂತ ಅಕ್ಕತಂಗೇರು ಓದದ ಸಹಿ ಹಾಕ್ತಾರ. ಸಹಿ ಮಾಡೂದು ಬಿಡೂದು ಅವರ ಇಷ್ಟ, ಆದ್ರ ಏನಕ್ಕ ಸಹಿ ಮಾಡಾಕತ್ತೀನಿ ಅನ್ನೂದು ಗೊತ್ತಿರಬೇಕಲ್ಲ. ಬರೂವಾಗ ಉತಾರ (ಪಹಣಿ), ಹಳೇ ವಾಟ್ನಿ (ಪಾಲು) ಪತ್ರ ಏನಿದ್ರೂ ತರ್ರಿ ಅಂತ ಮೊದಲ ಹೇಳಿ ಕಳಸ್ರಿ, ಕಾಗದ ನೋಡದ ಸಲಹೆ ಕೊಡಾಕ ಬರಂಗಿಲ್ಲ.

ಪ್ಯಾರಾ ಲೀಗಲ್ ವಾಲಂಟಿಯರ್ (ಜನರಿಗೂ ಕಾನೂನು ಸೇವೆಗೂ ಸಂಪರ್ಕ ಕಲ್ಪಿಸೋ ಸ್ವಯಂಸೇವಕಿ), ತುಮಕೂರು

ವಕೀಲರು ಹೇಳಿದ್ದು ಸರಿ, ನಾನು ಜನ ಸೇರಿಸೋ ಬಗ್ಗೆ ಹೇಳ್ತೀನಿ. ಬೆಳಗ್ಗೆ 11 ಗಂಟೆಗೆ ಕಾಲೇಜ್ ಆಡಿಟೋರಿಯಂನಲ್ಲಿ ಇಟ್ಟರೆ ಕೂಲಿ ಬಿಟ್ಟು ಯಾರೂ ಬರಲ್ಲಮ್ಮ, ಒಂದು ದಿನದ ಕೂಲಿ ಯಾರು ಕೊಡ್ತಾರೆ ಅವರಿಗೆ. ನೀವೇ ಹೋಗಿ. ಸ್ವಸಹಾಯ ಸಂಘದವರು ವಾರಕ್ಕೊಂದು ಸಲ ಸೇರ್ತಾರಲ್ಲ ಅಲ್ಲಿಗೆ ಹೋಗಿ, ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆಯರನ್ನ ಮೊದಲು ಮಾತಾಡಿಸಿ, ಯಾವ ಮನೇಲಿ ಏನು ಕಷ್ಟ ಇದೆ ಅಂತ ಅವರಿಗೆ ಗೊತ್ತಿರುತ್ತೆ.

ಇನ್ನೊಂದು, ಇದನ್ನ ಮಾತ್ರ ಮರೀಬೇಡಿ: ಗಂಡ ಹೊಡೀತಾನೆ ಅಂತ ಯಾರೂ ಮೈಕ್ ಮುಂದೆ ಹೇಳಲ್ಲ. ಭಾಷಣ ಮುಗಿದ ಮೇಲೆ ಪಕ್ಕದಲ್ಲಿ ಒಂದು ರೂಮು, ಇಬ್ಬರು ಹುಡುಗೀರು, ಬಾಗಿಲು ಹಾಕಿ ಮಾತಾಡೋ ಹಾಗಿರಲಿ, ಫೋಟೋ ತೆಗೆಯೋರನ್ನ ಅಲ್ಲಿಗೆ ಬಿಡಲೇಬೇಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ ಪೊಲೀಸ್ ಸ್ಟೇಷನ್ನಿಗೆ ಹೋಗ್ದೇನೂ ರಕ್ಷಣಾಧಿಕಾರಿ (ಈ ಕಾಯ್ದೆಗೆ ಅಂತ ಸರ್ಕಾರ ನೇಮಿಸಿರೋ ಅಧಿಕಾರಿ) ಹತ್ರ ದೂರು ಕೊಡಬಹುದು, ಗಂಡನ ಮನೇಲೇ ವಾಸ ಮಾಡೋ ಹಕ್ಕು ಕೇಳಬಹುದು. ಇದು ಗೊತ್ತಾದಾಗ ಎಷ್ಟೋ ಜನಕ್ಕೆ ಧೈರ್ಯ ಬರೋದನ್ನ ನಾನು ಕಣ್ಣಾರೆ ನೋಡಿದೀನಿ.

ಶಿಬಿರ ಆದ್ಮೇಲೆ ಏನು? ಅರ್ಜಿ ಬರೆಸ್ಕೊಂಡು ಫೈಲಲ್ಲಿ ಇಟ್ಟುಬಿಟ್ರೆ ಅವರು ಇನ್ನೊಂದು ಸಲ ನಿಮ್ಮನ್ನ ನಂಬಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟ್ ಆವರಣದಲ್ಲೇ ಇರುತ್ತೆ, ಈಗಲೇ ಹೋಗಿ ಪತ್ರ ಕೊಟ್ಟು ಪ್ಯಾನಲ್ ವಕೀಲರನ್ನ (ಸಮಿತಿ ಪಟ್ಟಿಯಲ್ಲಿರೋ ವಕೀಲರನ್ನ) ಕಳಿಸಿ ಅಂತ ಕೇಳಿ, ಬಂದ ಅರ್ಜಿನ ಅವರ ಕೈಗೇ ಕೊಡಿ. 15100 ಸಹಾಯವಾಣಿ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಹಂಚಿ. ನಿಮ್ಮ ಥರ ಲಾ ಓದೋರು ಪ್ಯಾರಾ ಲೀಗಲ್ ವಾಲಂಟಿಯರ್ ಕೂಡ ಆಗಬಹುದು, ಅಲ್ಲಿ ಹೋದಾಗ ಅದನ್ನೂ ವಿಚಾರಿಸಿ.

ಕಾನೂನು ಉಪನ್ಯಾಸಕ, ದಕ್ಷಿಣ ಕನ್ನಡ

26ರ ಬಗ್ಗೆ ಯಾರೂ ಹೇಳ್ಲಿಲ್ಲ, ಅದಕ್ಕೆ ಬರೀತಿದೇನೆ. ಸಂವಿಧಾನದ ಪೀಠಿಕೆ ಓದಿಸೋದು ಇರಲಿ, ಅದರ ಜೊತೆ ಕನ್ನಡ ನೆಲದ ಎರಡು ಕೇಸುಗಳನ್ನ ಕಥೆ ಥರ ಹೇಳಿಸಿ. ಒಂದು ಕೇಶವಾನಂದ ಭಾರತಿ, ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ಯಕ್ಷಗಾನಕ್ಕೆ ಆಶ್ರಯ ಕೊಟ್ಟ ಮಠ ಅದು. ಕೇರಳದ ಭೂಸುಧಾರಣೆ ವಿರುದ್ಧ ಮಠದ ಜಾಗಕ್ಕಾಗಿ ಕೋರ್ಟಿಗೆ ಹೋದ್ರು, 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದ್ರು, 1973ರ ಏಪ್ರಿಲ್ 24ಕ್ಕೆ 7-6ರಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನ ತಿದ್ದಬಹುದು, ಅದರ ಮೂಲ ಸ್ವರೂಪ ಕೆಡಿಸೋ ಹಾಗಿಲ್ಲ. ಒಬ್ಬರ ಮತ ಆಚೀಚೆ ಆಗಿದ್ದಿದ್ರೆ ಏನಾಗ್ತಿತ್ತು ಅಂತ ವಿದ್ಯಾರ್ಥಿಗಳನ್ನೇ ಕೇಳಿ, ಚರ್ಚೆ ತಾನಾಗೇ ಶುರುವಾಗುತ್ತೆ.

ಇನ್ನೊಂದು ಆಗ ಕರ್ನಾಟಕದ ಮುಖ್ಯಮಂತ್ರಿ ಆಗಿದ್ದ ಎಸ್.ಆರ್. ಬೊಮ್ಮಾಯಿ ಅವರ ಕೇಸು. 1989ರ ಏಪ್ರಿಲಲ್ಲಿ ಸದನದಲ್ಲಿ ಬಹುಮತ ಸಾಬೀತು ಮಾಡೋಕೆ ಅವಕಾಶ ಕೊಡದೆ ಅವರ ಸರ್ಕಾರ ವಜಾ ಮಾಡಿದ್ರು, 1994ರ ಮಾರ್ಚ್ 11ಕ್ಕೆ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತ ತೀರ್ಮಾನ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಅಂತು. ಹೊರಗಿಂದ ದೊಡ್ಡ ಹೆಸರಿನವರು ಬೇಕಾಗಿಲ್ಲ, ನಿಮ್ಮ ಕಾಲೇಜಿನ ಮೇಷ್ಟ್ರೊಬ್ಬರು ಮನಸಿಟ್ಟು ಕನ್ನಡದಲ್ಲಿ ಹೇಳಿದ್ರೆ ಪಿಯುಸಿ ಮಕ್ಕಳೂ ಕೂತು ಕೇಳ್ತಾರೆ. ಹತ್ತಿರದ ಪಿಯು ಕಾಲೇಜಿಗೂ ಕರೆ ಕಳಿಸಿ.

ಓದುಗರು, ಅರಸೀಕೆರೆ

ನಾನು ಕಾನೂನು ಓದಿದವನಲ್ಲ, ನಮ್ಮಂಥವರು ಬರಬಹುದಾ? ನಮ್ಮ ಅತ್ತೆಗೆ ಪಾಲು ಕೊಟ್ಟಿಲ್ಲ, ಕೇಳಿದ್ರೆ 2002ರಲ್ಲೇ ಪಾಲುಪಾರೀಕತ್ತು ಆಗಿಹೋಗಿದೆ ಅಂತಾರೆ. ಈಗ ಏನೂ ಮಾಡೋಕಾಗಲ್ವಾ?

ವಕೀಲರು, ಧಾರವಾಡ ಕಡೆ

ಆ ಪತ್ರ ರಿಜಿಸ್ಟರ್ ಆಗೈತೇನು ಅನ್ನೂದು ಮೊದಲು ನೋಡ್ರಿ. 2004ರ ಡಿಸೆಂಬರ್ 20ರ ಮೊದಲ ನೋಂದಣಿ ಆದ ವಿಭಾಗ, ಇಲ್ಲಾ ಕೋರ್ಟ್ ಡಿಕ್ರಿ ಆದ ವಿಭಾಗ ಆಗಿದ್ರ ಈ ತಿದ್ದುಪಡಿ ಮ್ಯಾಲೆ ಅದನ್ನ ಕೆದಕಾಕ ಬರಂಗಿಲ್ಲ. ಬರೇ ಬಾಯಿಮಾತಿನ ವಾಟ್ನಿ, ರಿಜಿಸ್ಟರ್ ಆಗದ ಚೀಟಿ ಅಂದ್ರ ಕೋರ್ಟ್ ಅಷ್ಟು ಸುಲಭ ಒಪ್ಪಂಗಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನಾಗ ಇಸಿ (ಆಸ್ತಿ ಮ್ಯಾಲೆ ನೋಂದಣಿ ಆದ ಪತ್ರಗಳ ಪಟ್ಟಿ) ತೆಗಸ್ರಿ, ಅದರಾಗ ಪತ್ರ ಇದ್ರ ಅಲ್ಲೇ ಅದರ ನಕಲು ಸಿಗತೈತಿ, ಅದನ್ನ ಹಿಡ್ಕೊಂಡು ಅತ್ತೆಯವರನ್ನ ಕರ್ಕೊಂಡು ಈ ತಂಗಿ ಕಾಲೇಜಿಗೆ ಹೋಗ್ರಿ.

ಎಲ್‌ಎಲ್‌ಬಿ ವಿದ್ಯಾರ್ಥಿನಿ, ಹಾಸನ ಜಿಲ್ಲೆ

ಖಂಡಿತ ಬನ್ನಿ ಅಣ್ಣ, ಕಾನೂನು ಓದಿರಬೇಕಾಗಿಲ್ಲ, ನಿಮ್ಮಂಥವರಿಗೇ ಇದು. ಎಲ್ಲರಿಗೂ ತುಂಬಾ ಧನ್ಯವಾದ. ನಾವು ಕೂತು ಮಾತಾಡಿದ್ವಿ, 9ಕ್ಕೆ ಆಡಿಟೋರಿಯಂ ಬಿಟ್ಟು ಸಂತೆ ಪಕ್ಕದ ಸಮುದಾಯ ಭವನ ಕೇಳ್ತಿದೀವಿ, ಸಂಜೆ 5ರ ಮೇಲೆ, ವಿಷಯ ಹೆಣ್ಣುಮಕ್ಕಳ ಆಸ್ತಿ ಒಂದೇ. ಬಾಗಿಲು ಹಾಕಿಕೊಂಡು ಮಾತಾಡೋಕೆ ಬೇರೆ ರೂಮು ಇದೆ. ತಾಲ್ಲೂಕು ಸಮಿತಿಗೆ ಪತ್ರ ರೆಡಿ, ಸೋಮವಾರ ಕೊಡ್ತೀವಿ. 26ಕ್ಕೆ ಎಡನೀರು ಕೇಸ್ ಬಗ್ಗೆ ಮಾತಾಡೋಕೆ ನಮ್ಮ ಸಂವಿಧಾನದ ಮೇಡಂ ಒಪ್ಪಿದಾರೆ. ತುಮಕೂರಿನ ಅಕ್ಕ, ಅರ್ಜಿ ಬರೆಸ್ಕೊಳೋಕೆ ನೀವು ಬಳಸೋ ನಮೂನೆ ಇದ್ರೆ ಇಲ್ಲೇ ಹಾಕ್ತೀರಾ?